ಕಚ್ಚಾ ಹೊಲಿಗೆ

ಯಲ್ಲೋಜಿ ಸಿಂಪಿ ಮಾತಾಡುತ್ತಿದ್ದದ್ದೇ
ಗುಂಡುಸೂಜಿಗಳ ಸಂದಿಯಿಂದ.
ಲಾಲ್‌ಬಾಗಿನ ಮೇಲ್ಸೇತುವೆಯ ಕೆಳಗೆ ಆರಡಿ ಅಂಗಡಿ,
ತುಟಿಯಲ್ಲಿ ಐದು ಸೂಜಿ, ಕಿವಿಯ ಮೇಲೆ ಸೀಮೆಸುಣ್ಣ.
ಅಳತೆ ಕೂಗುವಾಗ ಐದೂ ಒಟ್ಟಿಗೆ ಅಲುಗುತ್ತಿದ್ದವು,
ಒಂದೂ ಬೀಳುತ್ತಿರಲಿಲ್ಲ.

ಆಮೇಲೆ ಕಿವಿಯ ಬುಡದಲ್ಲಿ ಗೋಲಿಯಷ್ಟು ಗಂಟು.
ಪರೇಲಿನಲ್ಲಿ ತೆಗೆದರು. ಜೀವ ಉಳಿಯಿತು.
ಎಡಗೆನ್ನೆ ಮಾತ್ರ
ಒಂದು ಮೊಳೆ ಕಿತ್ತ ಪರದೆಯ ಹಾಗೆ ಜೋತುಬಿತ್ತು.
ಸೂಜಿಗಳೀಗ ತಗಡಿನ ಡಬ್ಬಿಯಲ್ಲಿ.
ಎಡಗಣ್ಣಿನ ರೆಪ್ಪೆ ತಾನಾಗಿ ಮುಚ್ಚುವುದಿಲ್ಲ,
ರಾತ್ರಿ ಹೆಂಡತಿ ಪಟ್ಟಿ ಅಂಟಿಸಿ ನಿದ್ದೆ ಮಾಡಿಸುತ್ತಾಳೆ.
ಪ, ಬ, ಮ ಮೂರೂ ಗಾಳಿಯಾಗಿ ಸೋರುತ್ತವೆ,
ಕೇಳುವವರೇ ತುಂಬಿಕೊಳ್ಳಬೇಕು.

ನಾನು ಅದೇ ಆಸ್ಪತ್ರೆಯ ಹಿಂಬದಿಯ ಕಟ್ಟಡದಲ್ಲಿ
ಮೈನಸ್ ಎಂಬತ್ತರ ಪೆಟ್ಟಿಗೆಯ ಕಾವಲುಗಾರ್ತಿ.
ಮೆಣಸಿನಕಾಳಿನಷ್ಟು ಮಾಂಸ, ಅದರ ಮೇಲೊಂದು ನಂಬರು,
ಅದನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೆರೆದು
ಗಾಜಿನ ಮೇಲೆ ಮಲಗಿಸುವುದು ದಿನಚರಿ.

ಡಾಕ್ಟರ್ ನರ್ಗಿಸ್ ವಾಚ್ಛಾ ಒಮ್ಮೆ ಲಿಫ್ಟಿನಲ್ಲಿ ಹೇಳಿದರು:
"ಪುಸ್ತಕದಲ್ಲಿ ನರ ಹಳದಿ, ಧಮನಿ ಕೆಂಪು.
ಒಳಗೆ ಬಂದು ನೋಡು, ಎಲ್ಲ ಒಂದೇ ಬಿಳಿ,
ಅದರ ಮೇಲೆ ನೆತ್ತರು.
ಇಪ್ಪತ್ತಾರು ವರ್ಷವಾಯಿತು,
ತುಟಿಗೆ ಹೋಗುವ ಕವಲು ಬಂತೆಂದರೆ
ಇವತ್ತಿಗೂ ಉಸಿರು ಬಿಗಿಹಿಡಿಯುತ್ತೇನೆ."
ನಾಲ್ಕನೇ ಮಹಡಿ ಬಂತು. ಇಳಿದು ಹೋದರು.

ಮುಖದ ನರ ಕಿವಿಯ ಹಿಂದಿನಿಂದ ಹೊರಟು
ಬೆರಳು ಬಿಚ್ಚಿದ ಅಂಗೈಯಂತೆ ಹರಡುತ್ತದೆ,
ಹಣೆಗೆ, ಕಣ್ಣಿಗೆ, ಕೆನ್ನೆಗೆ,
ನಗುವುದಕ್ಕೆ, ಚಹಾ ಚೆಲ್ಲದೆ ಕುಡಿಯುವುದಕ್ಕೆ.
ಆ ನರದ ಹೊದಿಕೆಯಲ್ಲಿ ಮಾತ್ರ ಇದ್ದು
ಪಕ್ಕದ ಕೊಬ್ಬಿನಲ್ಲಿ, ಸ್ನಾಯುವಿನಲ್ಲಿ, ಜೊಲ್ಲಿನ ಗ್ರಂಥಿಯಲ್ಲಿ ಇಲ್ಲದ,
ಗಂಟಿನಲ್ಲಂತೂ ಇರಲೇಬಾರದ
ಒಂದು ಪ್ರೋಟೀನು ನನಗೆ ಬೇಕು.
ಅದಕ್ಕೆ ಅಂಟುವ ಹೊಳಪೊಂದನ್ನು ಕಟ್ಟಿಕೊಟ್ಟರೆ
ಕತ್ತಿ ನೋಡಿಕೊಂಡು ನಡೆಯುತ್ತದೆ.

ನಲವತ್ತಮೂರು ಹೆಸರುಗಳಿಂದ ಶುರುಮಾಡಿದೆ.
ಹದಿನೇಳನೆಯದು ಮೂರು ತಿಂಗಳು ಕುಣಿಸಿತು.
ನರದಲ್ಲಿ ಹೊಳೆಯಿತು. ಇಡೀ ಮಹಡಿಗೆ ಪೇಡಾ ಹಂಚಿದೆ.
ಮಾರನೇ ವಾರ ಗ್ರಂಥಿಯ ನಾಳದಲ್ಲೂ ಹೊಳೆಯಿತು,
ಅಷ್ಟೇ ಚೆನ್ನಾಗಿ, ನಾಚಿಕೆಯಿಲ್ಲದೆ.
ಪೇಡಾ ವಾಪಸು ಕೇಳಲಾಗುತ್ತದೆಯೇ?

ಆ ಶನಿವಾರ ಬಿಳಿ ಕುರ್ತಾ ಬಿಗಿ ಮಾಡಿಸಲು ಹೋದೆ.
ಯಲ್ಲೋಜಿ ಸೊಂಟದ ಗುಂಟ
ಉದ್ದುದ್ದ ಕೆಂಪು ಟಾಕಿ ಹಾಕುತ್ತಿದ್ದ.
ಬಿಳಿಗೆ ಕೆಂಪ್ಯಾಕೆ ಎಂದೆ.

"ಬಿಳಿ ಅರಿವಿ, ಬಿಳಿ ದಾರ, ರಾತ್ರಿ ಲೈಟಿನಾಗ ನನಗ ಕಾಣೂದಿಲ್ಲ,
ಇನ್ನ ಕತ್ತರಿಗೆ ಹ್ಯಾಂಗ ಕಾಣಬೇಕು?
ಇದು ಕಚ್ಚಾ ಹೊಲಿಗಿ.
ಇತ್ತಾಗ ಬರಬ್ಯಾಡ ಅಂತ ಅದಕ್ಕ ಹೇಳೂದು, ಅಷ್ಟ.
ಕೆಲಸ ಮುಗೀತಂದ್ರ ಎಳದು ಒಗೀತೀನಿ."

ಇಷ್ಟು ಹೇಳಲು ಅವನಿಗೆ ಎರಡು ಸಲ ಬಾಯಿ ಒರೆಸಿಕೊಳ್ಳಬೇಕಾಯಿತು.

ಮೂವತ್ತೊಂದನೆಯದು ಒಂದು ಮಂಗಳವಾರ,
ಶಿವಡಿ ಕಡೆಯಿಂದ ಉಪ್ಪುಗಾಳಿ ಬೀಸುತ್ತಿದ್ದ ಸಂಜೆ,
ಕತ್ತಲ ಕೋಣೆಯಲ್ಲಿ
ನರದ ಸುತ್ತ ಮಾತ್ರ, ಉಂಗುರ ಉಂಗುರವಾಗಿ, ಹಸಿರಾಯಿತು.
ಗ್ರಂಥಿ ಕಪ್ಪು. ಗಂಟು ಕಪ್ಪು.
ಯಾರನ್ನೂ ಕರೆಯಲಿಲ್ಲ. ಇನ್ನೂ ಆರು ಜನರ ಚೂರುಗಳಲ್ಲಿ ನೋಡಿದೆ.
ಐದರಲ್ಲಿ ಸರಿ. ಒಂದರಲ್ಲಿ ಮಬ್ಬು,
ಏಕೋ ಗೊತ್ತಿಲ್ಲ.

ವಾಚ್ಛಾ ಕಣ್ಣಿಟ್ಟು ನೋಡಿದರು.
"ಇದು ಸತ್ತ ನರ, ಮಗಾ. ನನ್ನ ಮೇಜಿನ ಮೇಲಿರುವುದು ಬದುಕಿರುತ್ತದೆ,
ರಕ್ತ ಸುರಿಸುತ್ತದೆ. ಇನ್ನು ಎಷ್ಟು ವರ್ಷ?"
ಏಳೆಂಟು, ಎಂದೆ.
ತಲೆಯಾಡಿಸಿದರು.
ಕುರ್ಚಿಯಿಂದ ಮಾತ್ರ ಏಳಲಿಲ್ಲ.

ಕುರ್ತಾ ತರಲು ಹೋದಾಗ ಯಲ್ಲೋಜಿಗೆ ಹೇಳಿದೆ,
ಹೇಳಬಾರದಿತ್ತೇನೋ.
ಪೆಡಲ್ ನಿಲ್ಲಿಸಿ ಕೇಳಿದ: "ನಂದು ತಿರುಗಿ ಬರ್ತದೇನು?"

ಇಲ್ಲ.

"ಹೌದಲ್ಲ, ಕತ್ತರಿಸಿದ್ದು ಕತ್ತರಿಸಿದ್ದ," ಅಂದ.
ಡಬ್ಬಿ ತೆರೆದು ಒಂದೇ ಒಂದು ಸೂಜಿ ತೆಗೆದು
ಬಲಗಡೆಯ ತುಟಿಯ ತುದಿಗೆ ಸಿಕ್ಕಿಸಿಕೊಂಡ.

"ತೋಳು ಎತ್ತವ್ವಾ."

ಪ ಇಲ್ಲ, ಬ ಇಲ್ಲ, ಮ ಇಲ್ಲ ಆ ಮಾತಿನಲ್ಲಿ.
ಎತ್ತಿದೆ.